ದ್ರವಹರಳಿಗೊಂದು ಹೊಸ ಆಕಾರ

ಭಾವಿಕೇರಿಯ ಕಡೆಯವರಿಗೆ ಸಾಣಿಕಟ್ಟೆಯ ಉಪ್ಪಿನಾಗರ ಹೊಸತಲ್ಲ. ಉಪ್ಪಿನ ಹರಳು ಘನ, ಕಡಲ ನೀರು ದ್ರವ. ಇವೆರಡರ ನಡುವೆಯೂ ಒಂದು ಸ್ಥಿತಿಯುಂಟೇ? ಉಂಟು. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್ ಅದನ್ನು ಕಂಡರು. ನೀರಿನಂತೆ ಹರಿಯುತ್ತಲೇ ಹರಳಿನ ಶಿಸ್ತನ್ನೂ ಉಳಿಸಿಕೊಳ್ಳುವ ಈ ವಸ್ತುವೇ ದ್ರವಹರಳು.

ಇದರ ಅಣುಗಳು ಕಡ್ಡಿಯಂತೆ ಉದ್ದವಾಗಿರಲೇಬೇಕೆಂಬ ನಂಬಿಕೆ ಬಹುಕಾಲ ಉಳಿಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಭೌತವಿಜ್ಞಾನಿ ಎಸ್. ಚಂದ್ರಶೇಖರ್ ಬೇರೆ ದಾರಿ ಹಿಡಿದರು: ತಟ್ಟೆಯಂಥ ಅಣುಗಳಿಂದ ಏಕಾಗಬಾರದು? ಆದರೆ ಊಹೆ ನಿಲ್ಲಲು ಅಂಥ ವಸ್ತು ಕೈಗೆ ಸಿಗಬೇಕಲ್ಲ! ಅದು ರಸಾಯನವಿಜ್ಞಾನಿ ಬಿ.ಕೆ. ಸದಾಶಿವ ಅವರ ಕೆಲಸ. ಬೆಂಜೀನ್ ಉಂಗುರದ ಆರೂ ಮೂಲೆಗಳಿಗೆ ಉದ್ದನೆಯ ಬಾಲಗಳನ್ನು ಬೆಸೆದ ಅಣುಗಳು ಸಿದ್ಧವಾದವು. ಕಾಯಿಸಿದಾಗ ಅವು ಪೇರಿಸಿಟ್ಟ ತಟ್ಟೆಗಳಂತೆ ಕಂಬಗಳಾಗಿ ನಿಂತವು. ಕೆ.ಎ. ಸುರೇಶ್ ಅವರನ್ನೂ ಸೇರಿಸಿಕೊಂಡು ಮೂವರು 1977ರಲ್ಲಿ ಇದನ್ನು ಪ್ರಕಟಿಸಿದ್ದು ಭಾರತದ್ದೇ ಆದ 'ಪ್ರಮಾಣ' ಪತ್ರಿಕೆಯಲ್ಲಿ. ಜಗತ್ತು ಅದನ್ನು ಹುಡುಕಿ ಓದಿತು.

ಫಲವೇನು? ಮೊದಲೆಲ್ಲ ಎಲ್‌ಸಿಡಿ ತೆರೆಯನ್ನು ಪಕ್ಕದಿಂದ ನೋಡಿದರೆ ಚಿತ್ರ ಕೆಡುತ್ತಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ತಟ್ಟೆಯಾಕಾರದ ಅಣುಗಳನ್ನು ಪಾಲಿಮರ್ ಆಗಿ ಬೆಸೆದ ತೆಳುಪೊರೆಯಿಂದ ಆ ದೋಷವನ್ನು ತಗ್ಗಿಸಿತು.

ಸದಾಶಿವ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಬಾಳೆಹಣ್ಣಿನಂತೆ ಬಾಗಿದ ಅಣುಗಳನ್ನೂ ತಯಾರಿಸಿದರು. ಹೊಸ ವಿಚಾರ ಹೊಳೆದವರನ್ನು ಲೋಕ ನೆನೆಯುತ್ತದೆ. ಆ ವಿಚಾರಕ್ಕೆ ಸೀಸೆಯಲ್ಲಿ ರೂಪ ಕೊಟ್ಟವರನ್ನೂ ನೆನೆಯುವುದು ನ್ಯಾಯ.