ಘಟಪ್ರಭೆಯ ನೀರು, ಕಡಲಿನ ಬಣ್ಣ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ, ಗೋಕಾಕದಲ್ಲಿ ಸುಮಾರು 52 ಮೀಟರ್ ಆಳಕ್ಕೆ ಧುಮುಕಿ, ಮೂಡಲಗಿಯ ಹೊಲಗಳಿಗೂ ನೀರುಣಿಸುವ ಘಟಪ್ರಭೆಯು ಪಶ್ಚಿಮಘಟ್ಟದಲ್ಲಿ ಹುಟ್ಟಿಯೂ ಅರಬ್ಬೀ ಸಮುದ್ರಕ್ಕೆ ಬೆನ್ನು ತಿರುಗಿಸಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ದಾರಿಯ ಮಣ್ಣಿನಿಂದ ಕರಗಿ ಬಂದ ಸಾರಜನಕ, ರಂಜಕ, ಸಿಲಿಕಾಗಳಲ್ಲಿ ಅಣೆಕಟ್ಟುಗಳು ತಡೆದು ಉಳಿದ ಪಾಲು ಸಸ್ಯಪ್ಲವಕಗಳಿಗೆ, ಅಂದರೆ ಕಡಲಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಗೆ, ಪೋಷಣೆಯಾಗುತ್ತದೆ. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಇವುಗಳದೇ ದುಡಿಮೆ. ಇವು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಬಳಸಿಕೊಂಡಾಗ ಗಾಳಿಯಲ್ಲಿರುವ ಇಂಗಾಲ ಕಡಲಿಗಿಳಿಯಲು ಎಡೆಯಾಗುತ್ತದೆ.

ಇಸ್ರೋ 1999ರಲ್ಲಿ ಹಾರಿಸಿದ ಓಷನ್‌ಸ್ಯಾಟ್-1 ಅಳೆದದ್ದೂ ಅದರ ಉತ್ತರಾಧಿಕಾರಿ ಉಪಗ್ರಹಗಳು ಅಳೆಯುವುದೂ ಕಡಲಿನ ಬಣ್ಣವನ್ನು. ಪ್ಲವಕಗಳ ಪತ್ರಹರಿತ್ತು ನೀಲಿ ಬೆಳಕನ್ನು ಹೀರುವುದರಿಂದ ಅವು ಹೆಚ್ಚಿದಷ್ಟೂ ನೀರು ಹಸಿರಾಗಿ ತೋರುತ್ತದೆ. ಆ ಅಳತೆಗೆ ಬಿಸಿಲನ್ನೂ ನೀರಿನ ಉಷ್ಣತೆಯನ್ನೂ ಸೇರಿಸಿ ಉತ್ಪಾದಕತೆಯನ್ನು, ಅಂದರೆ ನಿರ್ದಿಷ್ಟ ಕಾಲದಲ್ಲಿ ಎಷ್ಟು ಇಂಗಾಲ ಜೀವದ್ರವ್ಯವಾಗುತ್ತದೆ ಎಂಬುದನ್ನು, ಅಂದಾಜಿಸಲಾಗುತ್ತದೆ. ಅಂದಾಜೆಂಬ ಮಾತು ಇಲ್ಲಿ ವಿನಯಕ್ಕಾಗಿ ಬಂದದ್ದಲ್ಲ. ನದೀಮುಖದ ಹೂಳು ಬಣ್ಣವನ್ನು ಕದಡುತ್ತದೆ. ಮೇಲಾಗಿ, ಕರ್ನಾಟಕದ ಕರಾವಳಿಯಲ್ಲಿ ಆಳದ ಪೋಷಕ ನೀರು ಮೇಲೆದ್ದು ಪ್ಲವಕಗಳು ಸಮೃದ್ಧವಾಗಿ ಬೆಳೆಯುವ ಮುಂಗಾರಿನಲ್ಲೇ ಮೋಡ ಕವಿದು ಉಪಗ್ರಹಕ್ಕೆ ಕಡಲು ಕಾಣದಾಗುವುದರಿಂದ, ಆ ತಿಂಗಳುಗಳ ಲೆಕ್ಕಕ್ಕೆ ಹಡಗುಗಳನ್ನೂ ತೇಲುವ ಉಪಕರಣಗಳನ್ನೂ ನೆಚ್ಚಬೇಕಾಗುತ್ತದೆ.