ವೆರುಲೇಮಿಯಂನಲ್ಲಿ ನೆನಪಾದ ಬ್ರಹ್ಮಗಿರಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ವಿದೇಶದ ಅನುಭವ ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ನನ್ನನ್ನು ಕಂಪನಿಯವರು ಎಂಟು ತಿಂಗಳು ಲಂಡನ್ನಿಗೆ ಕಳಿಸಿದ್ದರು. ಆಗ ನೋಡಿದ ಒಂದೇ ಒಂದು ಊರಿನ ಬಗ್ಗೆ ಹೇಳುತ್ತೇನೆ.

ಆ ಊರು ಸೇಂಟ್ ಆಲ್ಬನ್ಸ್. ಲಂಡನ್ನಿನ ಉತ್ತರಕ್ಕೆ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರು ಅಲ್ಲಿ ವೆರುಲೇಮಿಯಂ ಎಂಬ ಪಟ್ಟಣ ಕಟ್ಟಿದ್ದರು. ಕ್ರಿ.ಶ. 60-61ರ ದಂಗೆಯಲ್ಲಿ ಬೌಡಿಕಾ ರಾಣಿಯ ಸೈನ್ಯ ಅದನ್ನು ಸುಟ್ಟುಹಾಕಿತು. ಜನ ಮತ್ತೆ ಕಟ್ಟಿದರು. ಸುಮಾರು 140ರಲ್ಲಿ ಕಟ್ಟಿದ ನಾಟಕಶಾಲೆಯ ಅವಶೇಷ ಈಗಲೂ ಇದೆ. ಉದ್ಯಾನದ ನಡುವೆ ಒಂದು ಕಟ್ಟಡದ ನೆಲವನ್ನು ಇದ್ದಲ್ಲೇ ಕಾಪಾಡಿದ್ದಾರೆ. ಬಣ್ಣದ ಚಿಕ್ಕ ಚಿಕ್ಕ ಕಲ್ಲು ಜೋಡಿಸಿದ ನೆಲ. ಅದರ ಕೆಳಗೆ ಟೊಳ್ಳು. ಒಲೆಯ ಬಿಸಿಗಾಳಿ ಆ ಟೊಳ್ಳಿನಲ್ಲಿ ಹರಿದು ಚಳಿಗಾಲದಲ್ಲಿ ಕೋಣೆ ಬೆಚ್ಚಗಾಗುತ್ತಿತ್ತು.

ರೋಮನ್ನರ ಆಳ್ವಿಕೆ ಮುಗಿದ ಮೇಲೆ ಪಟ್ಟಣ ಪಾಳುಬಿತ್ತು. 1077ರಲ್ಲಿ ಎದುರಿನ ದಿಬ್ಬದ ಮೇಲೆ ದೊಡ್ಡ ಚರ್ಚು ಕಟ್ಟಲು ಹೊರಟವರು ಆ ಪಾಳು ಪಟ್ಟಣದ ಇಟ್ಟಿಗೆಗಳನ್ನೇ ಹೊತ್ತು ತಂದರು. ಆ ಇಟ್ಟಿಗೆಯ ಗೋಪುರ ಇಂದಿಗೂ ನಿಂತಿದೆ.

ಅಲ್ಲಿನ ವಸ್ತುಸಂಗ್ರಹಾಲಯ ಸುತ್ತುವಾಗ ಒಂದು ಹೆಸರು ಕಂಡು ನಿಂತುಬಿಟ್ಟೆ. 1930ರಿಂದ ಕೆಲವು ವರ್ಷ ಆ ಪಟ್ಟಣವನ್ನು ಅಗೆದು ಬೆಳಕಿಗೆ ತಂದವರು ಮಾರ್ಟಿಮರ್ ವೀಲರ್ ಮತ್ತು ಅವರ ಪತ್ನಿ ಟೆಸ್ಸಾ. ವೀಲರ್! ಈ ಹೆಸರು ನಾನು ಮೊದಲು ಕೇಳಿದ್ದು ಇದೇ ಶಾಲೆಯಲ್ಲಿ.

ಒಂಬತ್ತನೇ ತರಗತಿಯಲ್ಲಿ ಸಮಾಜದ ಮೇಷ್ಟ್ರು ನಮ್ಮನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ಅಶೋಕನ ಶಾಸನ ತೋರಿಸಿ, ಬಿಸಿಲಲ್ಲಿ ನಿಂತು, "1947ರಲ್ಲಿ ವೀಲರ್ ಅನ್ನೋರು ಇಲ್ಲಿ ಅಗೆಸಿದರು. ಮಣ್ಣಿನ ಒಂದೊಂದು ಪದರವೂ ಒಂದೊಂದು ಕಾಲ ಕಣ್ರೋ" ಎಂದು ಹೇಳುತ್ತಿದ್ದರು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದನ್ನೂ ಹೇಳಿದರಂತೆ. ನಾನು ಕೇಳಿಸಿಕೊಳ್ಳಲಿಲ್ಲ. ನಾವು ಮೂವರು ಬಂಡೆಯ ಮರೆಯಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದೆವು. ಸಿಕ್ಕಿಬಿದ್ದಾಗ ಮೇಷ್ಟ್ರು ಬೈಯಲಿಲ್ಲ, ಸುಮ್ಮನಾದರು. ಮರುವರ್ಷ ಆ ಪ್ರವಾಸ ನಡೆಯಲಿಲ್ಲ. ನಮ್ಮಿಂದಲೇ ನಿಂತಿತೋ ಏನೋ, ಕೇಳುವ ಧೈರ್ಯ ಇಂದಿಗೂ ಬಂದಿಲ್ಲ. ಬಸ್ಸಿನ ಬಾಡಿಗೆಯಲ್ಲಿ ಕಡಿಮೆ ಬಿದ್ದದ್ದನ್ನು ಅವರೇ ತಮ್ಮ ಸಂಬಳದಿಂದ ಕೊಟ್ಟಿದ್ದರೆಂದು ಬಹಳ ವರ್ಷದ ಮೇಲೆ ತಿಳಿಯಿತು.

ಮನೆಯ ಹತ್ತಿರ ಇದ್ದದ್ದನ್ನು ನೋಡದೆ, ವಿಮಾನ ಹತ್ತಿ ಹೋಗಿ, ಅದೇ ವೀಲರ್ ಅಗೆದ ಇನ್ನೊಂದು ಊರನ್ನು ಬೆರಗಿನಿಂದ ನೋಡಿ ಬಂದೆ. ಆ ಸಂಜೆ ರೈಲಿನಲ್ಲಿ ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಮೇಷ್ಟ್ರು ಈಗ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಸಾರ್, ಅಂದು ತಪ್ಪಾಯಿತು. ನಮ್ಮ ಬ್ಯಾಚಿನವರು ಮಾತಾಡಿಕೊಂಡಿದ್ದೇವೆ: ಈ ವರ್ಷದಿಂದ ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಬ್ರಹ್ಮಗಿರಿಗೂ ಚಂದ್ರವಳ್ಳಿಗೂ ಕರೆದೊಯ್ಯುವ ಬಸ್ಸಿನ ಖರ್ಚು ನಮ್ಮದು. ಮೊದಲ ಪ್ರವಾಸಕ್ಕೆ ತಾವೇ ಬಂದು ಪಾಠ ಹೇಳಬೇಕು. ನಾನೂ ಬರುತ್ತೇನೆ. ಈ ಸಲ ಪಾಠ ಮುಗಿಯುವವರೆಗೆ ಬುತ್ತಿ ಬಿಚ್ಚುವುದಿಲ್ಲ.