ಪಟ್ಟಿಯಲ್ಲಿ ಇಲ್ಲದವರ ಲೆಕ್ಕ



ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಈಗ ಅಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ. ನಾಡಿನಲ್ಲಿ ಯಾರ ಯಾರ ಜೀವನಚರಿತ್ರೆ ಬರೆಯಬೇಕಿತ್ತೋ ಅವರಲ್ಲಿ ಎಷ್ಟು ಪಾಲು ಜನ ಅಲ್ಲಿಗೆ ಬಂದಿದ್ದಾರೆ? ಇರುವ ಪುಟಗಳನ್ನು ಎಷ್ಟು ಎಣಿಸಿದರೂ ಇದಕ್ಕೆ ಉತ್ತರ ಸಿಗದು.

ಇಲ್ಲದವರನ್ನು ಎಣಿಸುವ ದಾರಿ ನಮ್ಮ ನಾಗರಹೊಳೆಯಲ್ಲೇ ಇದೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅಲ್ಲಿ ಕ್ಯಾಮೆರಾ ಕಟ್ಟಿ ಹುಲಿಗಳ ಸಂಖ್ಯೆ ಅಂದಾಜು ಮಾಡಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಮೊದಲು ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಸಿಕ್ಕವು ಎಂದು ನೋಡಿದರೆ, ಒಮ್ಮೆಯೂ ಸಿಗದವುಗಳ ಅಂದಾಜೂ ಬರುತ್ತದೆ. ಮನುಷ್ಯರ ವಿಷಯದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಚಂದ್ರಶೇಖರ್ ಮತ್ತು ಡೆಮಿಂಗ್ 1949ರಲ್ಲೇ ಇದೇ ತರ್ಕ ಹಿಡಿದಿದ್ದರು: ಕಲ್ಕತ್ತದ ಬಳಿಯ ಸಿಂಗೂರಿನ ಜನನ ಮರಣ ನೋಂದಣಿಯನ್ನು ಮನೆಮನೆ ಸಮೀಕ್ಷೆಯೊಂದಿಗೆ ಹೋಲಿಸಿ, ಎರಡರಿಂದಲೂ ತಪ್ಪಿಹೋದವರನ್ನು ಲೆಕ್ಕಹಾಕಿದರು.

ನಮಗೂ ಹೊರಗಿನ ಪಟ್ಟಿಯೊಂದು ಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಮೊದಲು ನೆನಪಾಗುತ್ತದೆ. ಆದರೆ 2014ರಲ್ಲಿ ಅದರ ಸಂಪುಟಗಳು ಮುಕ್ತ ಪರವಾನಗಿಯಲ್ಲಿ ಬಂದು, ಅಲ್ಲಿನ ಬರಹ ವಿಕಿಪೀಡಿಯಕ್ಕೂ ಸೇರಿತು. ಒಂದರಿಂದ ಇನ್ನೊಂದು ತುಂಬಿಕೊಂಡ ಮೇಲೆ ಅವೆರಡರ ಹೋಲಿಕೆ ಏನನ್ನೂ ಹೇಳದು. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಅದಕ್ಕಿಂತ ವಾಸಿ. 2023ರಲ್ಲಿ 68 ಮಂದಿಗೆ ಪ್ರಶಸ್ತಿ ಬಂತು. ಅವರಲ್ಲಿ 17 ಜನರ ಪುಟವಿದೆ ಎಂದಿಟ್ಟುಕೊಳ್ಳಿ, ಕಾಲು ಪಾಲು. ವಿಕಿಪೀಡಿಯದಲ್ಲಿ ಒಟ್ಟು 2,000 ಜೀವನಚರಿತ್ರೆಗಳಿದ್ದರೆ, ಇರಬೇಕಾದವು 8,000.

ಆ 8,000ವೂ ಕಡಿಮೆಯೇ. ಪ್ರಶಸ್ತಿ ಬಂದವರ ಪುಟ ಬೇಗ ಹುಟ್ಟುತ್ತದೆ, ಬರದವರು ಎರಡೂ ಕಡೆ ಕಾಣುವುದಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಕಾಸು ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಪದ್ಮಶ್ರೀ ಬಂದದ್ದು 2018ರಲ್ಲಿ. ಆ ವರ್ಷವೇ ತೀರಿಕೊಂಡರು. ಅದಕ್ಕೆ ಹತ್ತು ವರ್ಷ ಮುಂಚೆ ಈ ಲೆಕ್ಕ ಮಾಡಿದ್ದರೆ ಆ ತಾಯಿ ಯಾವ ಪಟ್ಟಿಯಲ್ಲಿ ಸಿಗುತ್ತಿದ್ದರು? ಇಂಗ್ಲಿಷಿನ ಕಥೆಯೂ ಬೇರೆಯಲ್ಲ. ಅದೇ 2018ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಘೋಷಣೆಯಾದಾಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟ ಇರಲಿಲ್ಲ.

ಆದ್ದರಿಂದ ಪ್ರಶಸ್ತಿಯ ಹಂಗಿಲ್ಲದ ಪಟ್ಟಿಯೊಂದನ್ನು ನಾವೇ ಮಾಡಬೇಕು. ಚಿಕ್ಕಬಾಣಾವರ, ಸೋಲದೇವನಹಳ್ಳಿ, ಹೆಸರಘಟ್ಟದ ಸುತ್ತ ನಾಟಕ ಕಲಿಸಿದವರು, ಸೋಬಾನೆ ಹಾಡಿದವರು, ಶಾಲೆ ಕಟ್ಟಿದವರು ಯಾರೆಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ವಿಕಿಪೀಡಿಯ ನೋಡುವ ಮೊದಲೇ ಪಟ್ಟಿ ಮುಗಿಸಿ, ಆಮೇಲೆ ತಾಳೆ ಹಾಕಿ. ಅವರ ಬಗ್ಗೆ ಪತ್ರಿಕೆಯಲ್ಲೋ ಸಂಸ್ಮರಣ ಗ್ರಂಥದಲ್ಲೋ ಏನಾದರೂ ಅಚ್ಚಾಗಿದ್ದರೆ ಅದರ ದಿನಾಂಕ, ಪುಟಸಂಖ್ಯೆ ಸಮೇತ ತನ್ನಿ. ಆಧಾರವಿಲ್ಲದ ಲೇಖನ ಅಲ್ಲಿ ಉಳಿಯುವುದಿಲ್ಲ.